ಕೃತ್ತಿಕೆ ಮಳೆಯ ಗಂಡುಕಪ್ಪೆ

ಚಿತ್ರದುರ್ಗದ ಮೆದೇಹಳ್ಳಿ ರಸ್ತೆಯಲ್ಲಿದ್ದ ಆ ಸಣ್ಣ ನರ್ಸಿಂಗ್ ಹೋಮಿನ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿ ಇತ್ತು. ತೊಟ್ಟಿಯ ಮೇಲೆ ತಂತಿಬಲೆ, ಬಲೆಯ ಮೇಲೆ ಒದ್ದೆ ಗೋಣಿಚೀಲ. ಅದರಡಿಯ ತಂಪಿನಲ್ಲಿ ನೆಲಗಪ್ಪೆಗಳು ಅರೆಗಣ್ಣು ಮುಚ್ಚಿ, ಪಂಚಾಯಿತಿಗೆ ಕೂತ ಹಿರಿಯರ ಹಾಗೆ ಗಂಟಲು ಅದುರಿಸುತ್ತ ಕೂತಿರುತ್ತಿದ್ದವು. ಗೋಣಿಗೆ ನೀರು ಚಿಮುಕಿಸಿ, ಗೆದ್ದಲೋ ಜಿರಲೆಯೋ ಸಿಕ್ಕಿದ್ದನ್ನು ಹಾಕಿ, ಅವುಗಳ ಕ್ಷೇಮ ವಿಚಾರಿಸುವುದು ಗಿರಿಯಮ್ಮನ ದಿನದ ಮೊದಲ ಕೆಲಸ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಗಾಜಿನ ಮೇಲೆ ಎರಡು ಹನಿ ಹಾಕಿ ಬಸಿರು ಹೇಳುವ ಔಷಧಿ ಬೆಂಗಳೂರಿಗೆ ಬಂದಿದೆಯಂತೆ ಎಂಬ ಸುದ್ದಿ ಇತ್ತು. ಔಷಧಿ ಮಾತ್ರ ಇಲ್ಲಿಗೆ ಬಂದಿರಲಿಲ್ಲ. ಆ ಲ್ಯಾಬಿನಲ್ಲಿ ಇನ್ನೂ ಕಪ್ಪೆಗಳನ್ನೇ ಕೇಳಬೇಕಿತ್ತು. ಹೆಂಗಸಿನ ಬೆಳಗಿನ ಮೊದಲ ಮೂತ್ರವನ್ನು ಸೋಸಿ ಗಂಡುಕಪ್ಪೆಯ ಬೆನ್ನಿನ ಚರ್ಮದಡಿಗೆ ಚುಚ್ಚುವುದು. ಬಸಿರು ನಿಂತಿದ್ದರೆ ಆ ನೀರಿನಲ್ಲಿ ಒಂದು ಹಾರ್ಮೋನು ಇರುತ್ತದೆ. ಅದು ತಾಗಿದ ಕಪ್ಪೆ ಎರಡು ಮೂರು ಗಂಟೆಯಲ್ಲಿ ತನ್ನ ಬೀಜ, ಎಂದರೆ ವೀರ್ಯಾಣು, ಬಿಡುತ್ತದೆ. ಕಪ್ಪೆಯ ಮೂತ್ರದ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೂದಲಿಗಿಂತ ಸಣ್ಣ ಎಳೆಗಳು ಸರಿದಾಡುವುದು ಕಾಣುತ್ತದೆ. ಕಂಡರೆ ಮಗು, ಕಾಣದಿದ್ದರೆ ಇಲ್ಲ.

ಫಲಿತಾಂಶವನ್ನು ಹೊರಗೆ ಬೆಂಚಿನ ಮೇಲೆ ಕಾದವರಿಗೆ ಹೇಳುವ ಕೆಲಸವೂ ನಿಧಾನವಾಗಿ ಗಿರಿಯಮ್ಮನ ಪಾಲಿಗೇ ಬಂದಿತ್ತು. "ಐತೆ ಕಣಮ್ಮ, ಹೋಗಿ ಸಿಹಿ ಹಂಚ್ರಿ" ಎಂದಾಗ ಹೆಂಗಸರು ಅವಳ ಕೈ ಹಿಡಿದುಕೊಂಡು ಬಿಡುತ್ತಿದ್ದರು. ಹೊಳಲ್ಕೆರೆ ಕಡೆಯ ಒಬ್ಬಾಕೆ ಅವಳ ತಲೆಯ ಮೇಲೆ ಕೈಯಿಟ್ಟು "ನಿನ್ನ ಮಡ್ಲೂ ತುಂಬ್ಲಿ" ಎಂದು ಹರಸಿ ಹೋಗಿದ್ದಳು. ಆ ದಿನ ಗಿರಿಯಮ್ಮ ಹಿತ್ತಲಿಗೆ ಹೋಗಿ, ಒದ್ದೆಯಾಗಿಯೇ ಇದ್ದ ಗೋಣಿಗೆ ಮತ್ತೆ ನೀರು ಹಾಕುತ್ತ ಬಹಳ ಹೊತ್ತು ನಿಂತಿದ್ದಳು.

ಅವಳ ಗಂಡನ ಮನೆ ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಆಚೆಗಿನ ಒಂದು ಹಟ್ಟಿ. ಮದುವೆಯಾಗಿ ಏಳೆಂಟು ವರ್ಷ. ಗಂಡ ಕಾಟಲಿಂಗಪ್ಪನಿಗೆ ಕುರಿಯೇ ಲೋಕ. ಮಳೆ ಬಿದ್ದು ಹಟ್ಟಿಯ ಸುತ್ತ ಹಸಿರು ಕಾಣುವವರೆಗೆ ಮಂದೆ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರ ಎಂದು ಊರೂರು ತಿರುಗುವವನು. ರಾತ್ರಿ ಕುರಿ ತರುಬಿ ಮಲಗಿಸಿದ ಹೊಲಕ್ಕೆ ಗೊಬ್ಬರ, ಇವರಿಗೆ ರಾಗಿ. ಹಟ್ಟಿಯಲ್ಲಿ ಉಳಿಯುತ್ತಿದ್ದವರು ಗಿರಿಯಮ್ಮ ಮತ್ತು ಅತ್ತೆ ಕಾಳಕ್ಕ.

ಮುಟ್ಟಾದ ಹೆಂಗಸರು ಬೇಲಿಯಾಚೆಯ ಗುಡ್ಲಿನಲ್ಲಿ ಕೂರುವುದು ಹಟ್ಟಿಯ ಕಟ್ಟಳೆ. ಹಾಗಾಗಿ ಯಾರ ತಿಂಗಳು ತಪ್ಪಿತು, ಯಾರದು ತಪ್ಪಲಿಲ್ಲ ಎಂಬುದು ಅಲ್ಲಿ ಯಾರೊಬ್ಬಳ ಗುಟ್ಟೂ ಅಲ್ಲ. ಮುದ್ದೆಯ ತಟ್ಟೆಯನ್ನು ಬೇಲಿಯ ಬುಡದಲ್ಲಿಟ್ಟು ಕಾಳಕ್ಕ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು: "ಈ ತಿಂಗ್ಳೂ ಬಂದ್ಯೇನವ್ವ?" ಬೈಗುಳವಲ್ಲ ಅದು; ಅದರಲ್ಲಿದ್ದದ್ದು ಬರೀ ದಣಿವು. ಬೈದಿದ್ದರೆ ತಿರುಗಿ ಹೇಳಬಹುದಿತ್ತು. ದಣಿವಿಗೆ ಏನು ಹೇಳುವುದು?

ನಾದಿನಿಯ ಹೆರಿಗೆಗೆಂದು ಜತೆಗೆ ದುರ್ಗಕ್ಕೆ ಬಂದಾಗ ಒಂದು ದಿನ ತೊಟ್ಟಿಯ ಕಪ್ಪೆಗಳು ತಪ್ಪಿಸಿಕೊಂಡು ವಾರ್ಡಿನ ತುಂಬ ಕುಪ್ಪಳಿಸಿದವು. ಆಯಾಗಳು ಮಂಚ ಹತ್ತಿ ನಿಂತರು. ಗಿರಿಯಮ್ಮ ಸೆರಗು ಸಿಕ್ಕಿಸಿ, ಒಂದೊಂದನ್ನೇ ಮರಿ ಎತ್ತಿದ ಹಾಗೆ ಎತ್ತಿ ತಂದು ತೊಟ್ಟಿಗೆ ಬಿಟ್ಟಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರಮ್ಮ, "ಎಷ್ಟು ಓದಿದ್ದೀಯ?" ಎಂದರು. "ಹತ್ತನೇ ಕ್ಲಾಸು ಪಾಸಾಗೈತ್ರಿ." ಹೀಗೆ ಅವಳು ಇಲ್ಲಿ ಉಳಿದಳು. ಕಾಟಲಿಂಗಪ್ಪ ಬೇಡವೆನ್ನಲಿಲ್ಲ. "ನಾನೇನ್ ಮನೇಲಿರ್ತೀನಾ? ಹೋಗು, ಅಲ್ಲಾದ್ರೂ ನಾಕು ಜನದ ಮಾತು ಕೇಳಿಸ್ಕಂಡು ಇರು" ಎಂದಿದ್ದ. ಮಂದೆ ದುರ್ಗದ ಹತ್ತಿರ ಬಂದಾಗ ಬರುತ್ತಿದ್ದ, ಅವಳ ಬಾಡಿಗೆ ಕೋಣೆಯಲ್ಲಿ ಎರಡು ದಿನ ಇದ್ದು ಹೋಗುತ್ತಿದ್ದ. ಅವನು ಹೋದ ಮೇಲೂ ಕೋಣೆಯಲ್ಲಿ ಕಂಬಳಿಯ ವಾಸನೆ ಇರುತ್ತಿತ್ತು. ಅದು ಆರಿಹೋಗದಿರಲೆಂದು ಅವಳು ಕಿಟಕಿ ತೆರೆಯುತ್ತಿರಲಿಲ್ಲ.

ಪಟ್ಟಣದಲ್ಲಿ ಬೇಲಿಯೂ ಇರಲಿಲ್ಲ, ಗುಡ್ಲೂ ಇರಲಿಲ್ಲ. ಅವಳ ತಿಂಗಳನ್ನು ಕೇಳುವವರಿರಲಿಲ್ಲ. ನೆಮ್ಮದಿ ಎನಿಸಬೇಕಿತ್ತು. ಆದರೆ ಊರೆಲ್ಲ ಹಂಚಿಕೊಂಡು ಹೊರುತ್ತಿದ್ದ ಆಸೆಯನ್ನು ಈಗ ಅವಳು ಒಬ್ಬಳೇ ಹೊರಬೇಕಾಗಿತ್ತು.

ಲ್ಯಾಬಿನ ಯಜಮಾನಿಕೆ ತಿಪ್ಪೇರುದ್ರಪ್ಪನವರದು. ನಿವೃತ್ತಿಯ ಹತ್ತಿರಕ್ಕೆ ಬಂದ ಟೆಕ್ನಿಷಿಯನ್ನು. ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಪ್ರಶ್ನೆ. ತಮ್ಮ ಜಾಗಕ್ಕೆ ಗಿರಿಯಮ್ಮನೇ ಬರಲಿ ಎಂದು ಅವಳಿಂದ ಟೆಕ್ನಿಷಿಯನ್ ಪರೀಕ್ಷೆ ಕಟ್ಟಿಸಿದ್ದರು. ಬರೆಯುವ ಪರೀಕ್ಷೆ ಮುಗಿದಿತ್ತು, ಬಾಯಿಪರೀಕ್ಷೆ ಬಾಕಿ. ಸೀಸೆ ತೊಳೆಯುವಾಗ, ಟೀ ಕುಡಿಯುವಾಗ, ಎಲ್ಲೆಂದರಲ್ಲಿ ಪ್ರಶ್ನೆ ಎಸೆಯುತ್ತಿದ್ದರು.

"ಹಾರ್ಮೋನು ಅಂದ್ರೇನವ್ವ?"

"ಒಂದು ಗ್ರಂಥಿ ರಕ್ತದಾಗೆ ಹೇಳಿ ಕಳಿಸೋ ಮಾತು ಸಾರ್. ಕಂಡಕ್ಟರ್ ಓಬಯ್ಯನ ಬಸ್ಸಿದ್ದಂಗೆ. ಎಲ್ಲಾ ಊರಿನ ಮೇಲೂ ಹೋಗ್ತೈತೆ, ಯಾರಿಗೆ ಹೇಳ್ಬೇಕೋ ಅವ್ರಿಗೇ ಹೇಳ್ತೈತೆ."

"ಲೇ, ಪರೀಕ್ಷಕರ ಮುಂದೆ ಓಬಯ್ಯನ ಬಸ್ಸು ಹತ್ತಿಸಬ್ಯಾಡ! ಪುಸ್ತಕದಾಗೆ ಇದ್ದಂಗೆ ಹೇಳು."

ಅವಳು ನಕ್ಕು ಪುಸ್ತಕದಲ್ಲಿದ್ದಂತೆ ಹೇಳುತ್ತಿದ್ದಳು. ಪಿಟ್ಯುಟರಿ, ಥೈರಾಯ್ಡು, ಇನ್ಸುಲಿನ್ನು. ಬಸುರಿಯ ಹಾರ್ಮೋನಿನ ಪಾಠ ಬಂದಾಗ ಮಾತ್ರ ಅವಳ ದನಿ ತಗ್ಗುತ್ತಿತ್ತು. ಮಗು ಇನ್ನೂ ಕಾಳಿನಷ್ಟೂ ಇಲ್ಲದಿರುವಾಗಲೇ ಅದನ್ನು ಪೋಷಿಸುವ ಮಾಸಿನಿಂದ ತಾಯಿಯ ರಕ್ತಕ್ಕೆ ಸುದ್ದಿ ಹೋಗುತ್ತದೆ: ನಾನು ಬಂದಿದ್ದೀನಿ, ತಿಂಗಳನ್ನು ನಿಲ್ಲಿಸು. ಇದನ್ನು ಓದಿದ ಸಂಜೆ ಅವಳು ಮುಂದಿನ ಪುಟ ತಿರುಗಿಸದೆ ಪುಸ್ತಕ ಮುಚ್ಚಿಟ್ಟಳು. ತನ್ನ ಮೈಯಲ್ಲಿ ಇಷ್ಟು ವರ್ಷ ಯಾರೂ ಮಾತಾಡಿರಲಿಲ್ಲ.

ಆ ವರ್ಷ ಕೃತ್ತಿಕೆ ಮಳೆ ಚೆನ್ನಾಗಿ ಹುಯ್ಯಿತು. ಕೋಟೆಯ ಬಂಡೆಗಳಿಂದ ನೀರು ಇಳಿದು ಹೊಂಡಗಳು ಕೆಂಪಗೆ ತುಂಬಿದವು. ಆ ಮಳೆಗೆ ಮೊದಲೇ ಗಿರಿಯಮ್ಮನ ತಿಂಗಳು ತಪ್ಪಿತ್ತು. ಹಿಂದೆಯೂ ಎರಡು ಮೂರು ದಿನ ಆಚೀಚೆ ಆದದ್ದುಂಟು, ಇಷ್ಟು ತಡವಾದದ್ದಿಲ್ಲ. ಕಾಟಲಿಂಗಪ್ಪ ಬಂದು ಹೋದ ದಿನಗಳನ್ನು ನೆನೆದಳು. ಯಾರಿಗೂ ಹೇಳಲಿಲ್ಲ. ನಡೆಯುವಾಗ ಮಾತ್ರ, ತುಂಬಿದ ಕೊಡ ಹೊತ್ತವಳ ಹಾಗೆ ನಡೆಯತೊಡಗಿದಳು.

ತೊಟ್ಟಿಯಲ್ಲಿ ಆಗ ಇದ್ದದ್ದು ಒಂದೆರಡು ಕಪ್ಪೆ, ಅವೂ ಸೂಜಿ ಕಂಡು ಸುಸ್ತಾದವು. ಮಳೆ ನಿಂತ ಬೆಳಗ್ಗೆ ಅವಳು ಬುಟ್ಟಿ ಹಿಡಿದು ಊರಾಚೆಯ ಹೊಂಡಕ್ಕೆ ಹೋದಳು. ದಡದ ತುಂಬ ಕಪ್ಪೆಗಳ ಕೂಗು. ಗಂಡುಗಳು ಹಳದಿ ಗಂಟಲನ್ನು ಚೆಂಡಿನ ಹಾಗೆ ಉಬ್ಬಿಸಿ ಹೆಣ್ಣುಗಳನ್ನು ಕರೆಯುತ್ತಿದ್ದವು. ಗಿರಿಯಮ್ಮ ಕುರಿಹಟ್ಟಿಯಲ್ಲಿ ಬೆಳೆದವಳು. ಮಂದೆಗೆ ಬೀಜದ ಟಗರು ಆರಿಸುವಾಗ ಅಪ್ಪ ಏನು ನೋಡುತ್ತಿದ್ದನೋ ಅದನ್ನೇ ಅವಳ ಕಣ್ಣೂ ನೋಡಿತು: ಮದ ಬಂದಿರಬೇಕು, ಮುನ್ನುಗ್ಗಬೇಕು, ದನಿ ಗಟ್ಟಿ ಇರಬೇಕು. ಅಂಥವನ್ನೇ ಆರಿಸಿ ಬುಟ್ಟಿಗೆ ಹಾಕಿದಳು. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುತ್ತಿದ್ದ ಒಂದನ್ನು ಬೇರೆ ಮಡಕೆಯಲ್ಲಿಟ್ಟಳು. ಅದು ತನಗೆ.

ಹೊಸ ಕಪ್ಪೆಗಳನ್ನು ಕೆಲವು ದಿನ ಹೆಣ್ಣುಗಳಿಂದ ದೂರ, ತಣ್ಣಗೆ ಇಡಬೇಕು. ಚುಚ್ಚುವ ಮೊದಲು ಅವುಗಳ ಮೂತ್ರ ನೋಡಿ, ಬೀಜವಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಲ್ಯಾಬಿನ ಈ ಕ್ರಮ ಅವಳಿಗೆ ಗೊತ್ತಿತ್ತು, ಬೇರೆ ಹೆಂಗಸರ ಪಾಲಿಗೆ ತಾನೇ ಮಾಡಿದ್ದಳು. ಆದರೆ ತನ್ನ ಪಾಲಿಗೆ ಬಂದಾಗ, ತಿಪ್ಪೇರುದ್ರಪ್ಪ ಮದುವೆಯೊಂದಕ್ಕೆ ಭರಮಸಾಗರಕ್ಕೆ ಹೋದ ಆ ದಿನ, ಕೈ ತಡೆಯಲಿಲ್ಲ. ಒಳ್ಳೆಯ ಗಂಡು ಎಂಬ ಒಂದೇ ನಂಬಿಕೆಯ ಮೇಲೆ ಸೂಜಿ ಚುಚ್ಚಿದಳು. ಮಧ್ಯಾಹ್ನ ಹನಿಯನ್ನು ಗಾಜಿಗೆ ಇಳಿಸಿ ಕಣ್ಣಿಟ್ಟಳು.

ಗಾಜಿನ ತುಂಬ ಜೀವ. ಒಂದರ ಮೇಲೊಂದು ನುಗ್ಗುತ್ತ, ತಿರುಗುತ್ತ, ಎಳೆ ಎಳೆಯಾಗಿ.

ಕಣ್ಣು ತೆಗೆದಳು, ಮತ್ತೆ ಇಟ್ಟಳು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಇಷ್ಟು ಜನಕ್ಕೆ ಹೇಳಿದ್ದ ಮಾತನ್ನು ತನಗೆ ತಾನೇ ಹೇಳಿಕೊಂಡಳು: "ಐತೆ ಕಣಮ್ಮ." ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಸಂಜೆ ಬಸ್ ಸ್ಟ್ಯಾಂಡಿಗೆ ಓಡಿದಳು. ಭೀಮಸಮುದ್ರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಓಬಯ್ಯ ಟಾಪಿನ ಮೇಲೆ ಮೂಟೆ ಹಾಕಿಸುತ್ತಿದ್ದ.

"ಓಬಯ್ಯಣ್ಣ, ಭೀಮಸಮುದ್ರದ ಕೆರೆ ಹಿಂದ್ಲ ಹೊಲದಾಗೆ ನಮ್ಮೋರು ಮಂದೆ ತರುಬವ್ರೆ. ಒಂದ್ಮಾತು ಹೇಳ್ತೀಯಾ?"

"ಏನಂತ ಹೇಳ್ಲಿ?"

"ಗಿರಿಯಮ್ಮಂಗೆ ತಿಂಗ್ಳು ನಿಂತೈತಂತೆ, ಕಪ್ಪೆ ಹೇಳ್ತಂತೆ ಅನ್ನು."

ಓಬಯ್ಯ ಸೀಟಿ ಬಾಯಲ್ಲೇ ಇಟ್ಟುಕೊಂಡು ನೋಡಿದ. "ಕಪ್ಪೆ ಹೇಳ್ತಾ? ಹೋಗ್ ತಾಯಿ, ನಮ್ಮನೇಲಿ ನಮ್ಮವ್ವ ಹೇಳಿದ್ರೂ ನಂಬಲ್ಲ, ನೀನು ಕಪ್ಪೆ ಮಾತು ನಂಬ್ತೀಯಲ್ಲ!" ಎಂದು ನಗಾಡಿ, ಆಮೇಲೆ ದನಿ ಇಳಿಸಿ, "ಹೇಳ್ತೀನಿ ಬಿಡು. ಬಸ್ ನಿಲ್ಸಿ ಇಳಿದು ಹೋಗಿ ಹೇಳ್ತೀನಿ" ಎಂದ.

ಮರುದಿನವೇ ಬಾಯಿಪರೀಕ್ಷೆ. ಹೈಸ್ಕೂಲೊಂದರ ಪ್ರಯೋಗಶಾಲೆಯಲ್ಲಿ, ಮೈಸೂರಿನಿಂದ ಬಂದ ವಯಸ್ಸಾದ ಪರೀಕ್ಷಕರು ಕೂತಿದ್ದರು. ಮೆತ್ತಗಿನ ಮಾತಿನವರು. ಗಿರಿಯಮ್ಮನಿಗೆ ಹೆದರಿಕೆಯೇ ಇರಲಿಲ್ಲ. ಒಳಗೆ ಇನ್ನೊಬ್ಬರಿದ್ದಾರೆ ಎಂಬ ಧೈರ್ಯದಲ್ಲಿ ಒಂದೊಂದು ಪ್ರಶ್ನೆಗೂ ತಲೆಯೆತ್ತಿ ಉತ್ತರ ಕೊಟ್ಟಳು. ಸಕ್ಕರೆ ಕಾಯಿಲೆ, ಇನ್ಸುಲಿನ್ನು, ರಕ್ತದ ಗುಂಪು. ಪರೀಕ್ಷಕರು ತಲೆದೂಗುತ್ತಿದ್ದರು.

"ನಿಮ್ಮಲ್ಲಿ ಬಸಿರಿನ ಪರೀಕ್ಷೆ ಹೇಗೆ ಮಾಡ್ತೀರಮ್ಮ?"

"ನೆಲಗಪ್ಪೇಲಿ ಸಾರ್. ಗಂಡುಕಪ್ಪೆ."

"ಸರಿ. ಈಗ ಕಪ್ಪೆ ಬೀಜ ಬಿಟ್ಟಿದೆ. ಆದರೆ ಆ ಹೆಂಗಸು ಬಸುರಿ ಅಲ್ಲ. ಹೀಗಾಗೋದು ಸಾಧ್ಯವೇ?"

"ಸಾಧ್ಯ ಐತೆ ಸಾರ್." ಪುಸ್ತಕದ ಸಾಲುಗಳು ತಾವಾಗಿ ನಾಲಗೆಗೆ ಬಂದವು. "ಮೊದಲ ಮಳೆ ಬಿದ್ದಾಗ ಕಪ್ಪೆಗಳು ಕೂಡೋ ಕಾಲ. ಆಗ ಹಿಡಿದ ಗಂಡು, ಚುಚ್ಚದಿದ್ರೂ, ತನ್ನಷ್ಟಕ್ಕೇ..."

ಅಲ್ಲಿ ನಿಂತಳು.

ಹೊಂಡದ ದಡದಲ್ಲಿ ಹಳದಿ ಗಂಟಲು ಉಬ್ಬಿಸಿ ಕೂತಿದ್ದ ಕಪ್ಪೆ ಕಣ್ಣ ಮುಂದೆ ಬಂತು. ಮಾತು ಮುಂದುವರಿಸಿದರೆ ನಿನ್ನೆಯ ಮಧ್ಯಾಹ್ನ ಉಳಿಯುವುದಿಲ್ಲ. ಸುಮ್ಮನಿದ್ದರೆ ಉಳಿಯುತ್ತದೆಯೇ? ಮೇಜಿನ ಅಂಚನ್ನು ಹಿಡಿದುಕೊಂಡಳು.

"ಹೇಳಮ್ಮ. ಗೊತ್ತಿದೆ ನಿನಗೆ. ಚುಚ್ಚೋ ಮೊದಲು ಏನು ನೋಡಬೇಕು?"

"ಕಪ್ಪೆ ಮೂತ್ರ ನೋಡ್ಬೇಕು ಸಾರ್," ಎಂದಳು ಗಿರಿಯಮ್ಮ. "ಮೊದಲೇ ಬೀಜ ಇದ್ರೆ ಆ ಕಪ್ಪೆ ಬಿಡಬೇಕು. ನೋಡದೇ ಚುಚ್ಚಿದ್ರೆ... ಅದು ಪರೀಕ್ಷೆ ಅಲ್ಲ ಸಾರ್."

"ಸರಿಯಾಗಿ ಹೇಳಿದೆ. ಅಳ್ತೀಯ ಯಾಕಮ್ಮ? ಪಾಸಾಗ್ತೀಯ."

ಲ್ಯಾಬಿಗೆ ಬಂದವಳೇ ಸೂಜಿ ಕಾಣದ ಹೊಸ ಕಪ್ಪೆಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಎಲ್ಲವೂ ಬೀಜ ಬಿಟ್ಟಿದ್ದವು. ಭರಮಸಾಗರದಿಂದ ಹಿಂತಿರುಗಿದ್ದ ತಿಪ್ಪೇರುದ್ರಪ್ಪ ಅವಳ ಹಿಂದೆ ಬಂದು ನಿಂತಿದ್ದು ಅವಳಿಗೆ ತಿಳಿಯಲಿಲ್ಲ. "ಮಳೆ ಕಪ್ಪೆ ಯಾಕೆ ತೆಗೆದೆ? ಯಾರ ಸ್ಯಾಂಪಲ್ಲು ಇದು?" ಎಂದು ಗದರಿದರು. ಅವಳು ತಿರುಗಿ ನೋಡಿದಳು. ಆ ಮುಖ ನೋಡಿ ಅದು ಯಾರ ಸ್ಯಾಂಪಲ್ಲೆಂದು ಅವರಿಗೆ ತಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

"ಹಳೇ ಕಪ್ಪೆ ಒಂದು ಉಳಿದೈತಲ್ಲ, ಸುಧಾರಿಸ್ಕಂಡೈತೆ. ನಾಳೆ ಬೆಳಗ್ಗೆ ತಗಂಬಾ, ನಾನೇ ಮಾಡ್ತೀನಿ" ಎಂದರು.

ಮರುದಿನ ಅವರೇ ಮಾಡಿದರು. ಮೊದಲು ಕಪ್ಪೆಯ ಮೂತ್ರ ನೋಡಿ, ಆಮೇಲೆ ಚುಚ್ಚಿ. ಗಾಜು ಖಾಲಿ ಇತ್ತು. "ಕೆಲವು ಸಲ ಬೇಗ ನೋಡಿದ್ರೂ ಹಿಂಗೇ ಬರ್ತೈತವ್ವ, ಒಂದು ವಾರ ಬಿಟ್ಟು..." ಎಂದು ಶುರುಮಾಡಿ ಅವರು ಮಾತು ಬಿಟ್ಟರು. ವಾರ ಕಾಯಬೇಕಾಗಲಿಲ್ಲ. ಆ ಮಧ್ಯಾಹ್ನವೇ ಅವಳ ಸೊಂಟ ನೋಯತೊಡಗಿತು. ಸಂಜೆಯ ಹೊತ್ತಿಗೆ ಗೊತ್ತಾಯಿತು. ಬೇಲಿಯಾಚೆಯ ಗುಡ್ಲು ಇದ್ದಿದ್ದರೆ ಹೋಗಿ ಕೂರಬಹುದಿತ್ತು ಎಂದು ಮೊದಲ ಸಲ ಅವಳಿಗೆ ಅನ್ನಿಸಿತು. ಬಟ್ಟೆ ಬದಲಿಸಿ ಬಂದು ಸೀಸೆ ತೊಳೆದಳು.

ಓಬಯ್ಯನಿಗೆ ಹೇಳಿ ಮಾತನ್ನು ಹಿಂದಕ್ಕೆ ಕರೆಸುವುದು ಹೇಗೆ ಎಂದು ಯೋಚಿಸುತ್ತಲೇ ಒಂದು ದಿನ ಕಳೆಯಿತು. ಅದರ ಮಾರನೆಯ ದಿನ ಮಧ್ಯಾಹ್ನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ ಹಿಡಿದು ಕಾಟಲಿಂಗಪ್ಪ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ. ಕ್ಷೌರ ಮಾಡಿಸಿಕೊಂಡಿದ್ದ.

"ಬೆಳಗ್ಗೆ ಒಂದು ಕುರಿ ಈಯ್ತು. ಗಿಣ್ಣ ಕಾಯಿಸಿ ತಂದೀನಿ. ಬಿಸಿ ಇರಂಗೇ ತಿನ್ನು," ಎಂದು ಡಬ್ಬಿ ಚಾಚಿದ. "ಓಬಯ್ಯ ಕೆರೆ ಏರಿ ಮ್ಯಾಲಿಂದ್ಲೇ ಕೂಗಿಬಿಟ್ಟ ಕಣೆ. ಭೀಮಸಮುದ್ರಕ್ಕೆಲ್ಲ ಗೊತ್ತಾತು."

ಅವಳು ಡಬ್ಬಿ ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹೊಂಡ, ಕಪ್ಪೆ, ತಾನು ನೋಡದೇ ಬಿಟ್ಟದ್ದು, ಖಾಲಿ ಗಾಜು, ಮೊನ್ನೆ ಸಂಜೆ. ಹೇಳುತ್ತ ಅವಳಿಗೆ ಅಳು ಬರಲಿಲ್ಲ. ಅವನು ಡಬ್ಬಿಯನ್ನು ಚಾಚಿದ ಕೈಯಲ್ಲೇ ಹಿಡಿದು ಕೇಳಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟ.

"ಕಪ್ಪೆ ಸುಳ್ಳು ಹೇಳ್ತಾ ಹಂಗಾರೆ?"

"ಕಪ್ಪೆ ಯಾಕೆ ಸುಳ್ಳು ಹೇಳ್ತೈತೆ? ನಾನೇ ಕೇಳಬಾರದ ಹೊತ್ತಾಗೆ ಕೇಳ್ದೆ."

ಕಾಟಲಿಂಗಪ್ಪ ಬೆಂಚಿನ ಮೇಲೆ ಕೂತ. ಕಂಬಳಿಯ ಅಂಚಿನ ದಾರವೊಂದನ್ನು ಎಳೆದು ಬೆರಳಿಗೆ ಸುತ್ತಿದ. ಆಮೇಲೆ ತಲೆಯೆತ್ತಿ, "ನೀನು ಏನು ನೋಡ್ದೆ ಅಂತ ನಂಗೂ ತೋರ್ಸು" ಎಂದ.

ಮಳೆಕಪ್ಪೆಯೊಂದರ ಹನಿಯನ್ನು ಗಾಜಿಗೆ ಇಳಿಸಿ, ಸ್ಟೂಲಿನ ಮೇಲೆ ಅವನನ್ನು ಕೂರಿಸಿದಳು. ಒಂದು ಕಣ್ಣು ಮುಚ್ಚುವುದು ಅವನಿಗೆ ತಿಳಿಯಲಿಲ್ಲ. ಅವಳೇ ತನ್ನ ಅಂಗೈಯಿಂದ ಮುಚ್ಚಿ ಹಿಡಿದಳು. ಕಂಡ ಕೂಡಲೇ ಅವನ ಮೈ ಅಲುಗಿತು.

"ಅಬ್ಬ! ಮಂದೆ ಕಟ್ಟು ಬಿಚ್ಚಿದಂಗೆ ನುಗ್ತಾವಲ್ಲೇ!" ಎಂದ. ಕಣ್ಣು ತೆಗೆಯದೆ ಕೇಳಿದ: "ಇದು ಎಲ್ಲಾ ಗಂಡಿಗೂ ಇರ್ತೈತಾ?"

"ಇರ್ತೈತೆ."

"ಇಲ್ಲದೋರೂ ಇರ್ತಾರಾ?"

ಅವಳ ಕೈ ಅವನ ಕಣ್ಣಿನ ಮೇಲೆಯೇ ಇತ್ತು. "ಇರ್ತಾರೆ" ಎಂದಳು.

"ಕುರಿ ಗಬ್ಬ ನಿಲ್ಲದಿದ್ರೆ ನಾವು ಕುರೀನ ಬಯ್ತಾ ಕೂರಲ್ಲ, ಗಂಡು ನೋಡ್ತೀವಿ," ಎಂದ ಕಾಟಲಿಂಗಪ್ಪ ನಿಧಾನವಾಗಿ. "ಮನೇಲಿ ಮಾತ್ರ ಇಷ್ಟು ವರ್ಷ ನಿನ್ನೇ ಬೇಲಿ ಆಚೆ ಕೂರಿಸಿ ಕೇಳಿದ್ವಿ. ನಂದೂ ಇದ್ರಾಗೆ ನೋಡಬೋದಾ?"

ಎಷ್ಟೋ ಸಲ ಡಾಕ್ಟರಮ್ಮ ಈ ಮಾತನ್ನು ಅವಳಿಗೆ ಹೇಳಿದ್ದರು, ಕರೆದುಕೊಂಡು ಬಾ ಎಂದಿದ್ದರು. ಗಂಡನ ಮುಂದೆ ಆಡಲು ಅವಳಿಗೆ ಬಾಯಿ ಬಂದಿರಲಿಲ್ಲ. ಗಂಡಸಿಗೆ ಇಂಥ ಮಾತು ಹೇಳಿದವಳು ಆ ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಅವಳು ಒಳಗೆ ಹೋಗಿ ಒಂದು ಸೀಸೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ಆರಿಸಿ ತಂದುಕೊಟ್ಟಳು. ತಿಪ್ಪೇರುದ್ರಪ್ಪ ಏನೂ ಆಗದವರ ಹಾಗೆ, "ಬರ್ರಿ ಯಜಮಾನ್ರೆ, ಹಿಂಗ್ ಬರ್ರಿ" ಎಂದು ಅವನನ್ನು ಕರೆದುಕೊಂಡು ಹೋದರು. ಹಿಂತಿರುಗಿ ಬಂದು ಸೀಸೆಯನ್ನು ಮೇಜಿನ ಮೇಲಿಟ್ಟು, "ಯಾರು ನೋಡೋದವ್ವ, ನಾನಾ ನೀನಾ?" ಎಂದರು.

"ನಾನೇ ನೋಡ್ತೀನಿ ಸಾರ್."

ಅವರು ಟೀ ಕುಡಿಯಲು ಹೊರಗೆ ಹೋದರು.

ಹನಿ ಇಳಿಸಿ, ಗಾಜು ಮುಚ್ಚಿ, ಅವಳು ಕಣ್ಣಿಟ್ಟಳು. ಮೊದಲು ಏನೂ ಕಾಣಲಿಲ್ಲ. ಗಾಜನ್ನು ಸ್ವಲ್ಪ ಸರಿಸಿದಳು. ಇನ್ನೂ ಸ್ವಲ್ಪ. ಹಿಂದೆ ನಿಂತವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು.

"ಐತಾ?"

ಅವಳು ಗಾಜನ್ನು ಮತ್ತೆ ಸರಿಸಿದಳು. ಪ್ರತಿಯೊಂದು ಮೂಲೆಯನ್ನೂ ನೋಡಿದಳು. ಈ ಸಲ ಏನನ್ನೂ ಬಿಡಲಿಲ್ಲ.

"ಕಡ್ಮೆ ಅವೆ," ಎಂದಳು. "ಬಾಳ ಕಡ್ಮೆ. ಅಲ್ಲೊಂದು ಇಲ್ಲೊಂದು. ನಿಧಾನ ಅವೆ."

"ನಡೀತಾ ಅವಾ?"

"ನಡೀತಾ ಅವೆ."

ಕಾಟಲಿಂಗಪ್ಪ ಉಸಿರು ಬಿಟ್ಟ. "ಅವ್ವಂಗೆ ನಾನೇ ಹೇಳ್ತೀನಿ," ಎಂದ. "ನಿಂದಲ್ಲ, ನಂದು ಅಂತ." ಆಮೇಲೆ, ಮಂದೆಯಲ್ಲಿ ಹಿಂದುಳಿದ ಕುಂಟುಮರಿಯ ಬಗ್ಗೆ ಹೇಳುವ ಹಾಗೆ, "ನಡೀತಾ ಅವೆ ಅಂದ್ರೆ ಆತು. ಬರೋದು ತಡ ಆಗ್ತೈತೆ ಅಷ್ಟೆ. ಔಷಧಿ ಏನಾರ ಐತಾ ಡಾಕ್ಟರಮ್ಮನ್ನ ಕೇಳಾಣ" ಎಂದ.

ಔಷಧಿ ಇದೆಯೋ ಇಲ್ಲವೋ ಗಿರಿಯಮ್ಮನಿಗೆ ಗೊತ್ತಿರಲಿಲ್ಲ. ಅವಳು ಓದಿದ ಪುಸ್ತಕದಲ್ಲಿ ಅದಿರಲಿಲ್ಲ. ಅವಳು ಎದ್ದು ಅವನಿಗೆ ಜಾಗ ಬಿಟ್ಟಳು. ಅವನು ಕೂತು ಕಣ್ಣಿಟ್ಟ. ಈ ಸಲ ಇನ್ನೊಂದು ಕಣ್ಣನ್ನು ತಾನೇ ಮುಚ್ಚಿಕೊಂಡ. ಕೋಟೆಯ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು, ಕಿಟಕಿಯ ಬೆಳಕು ಕಂದುತ್ತಿತ್ತು. ಸೂಕ್ಷ್ಮದರ್ಶಕದ ಅಡಿಯ ಪುಟ್ಟ ಕನ್ನಡಿಯನ್ನು ಅವಳು ಬೆಳಕು ಉಳಿದ ಕಡೆಗೆ ತಿರುಗಿಸಿ ಹಿಡಿದಳು.

"ಸಿಕ್ತಾ?" ಎಂದಳು.

"ತಾಳು," ಎಂದ ಅವನು. "ಒಂದು ಈ ಕಡೆ ಬರ್ತಾ ಐತೆ."